ಮದುಮಗನ ಗಡ್ಡ, ಸಾಹೇಬರ ಕ್ರಾಪು

ನಮ್ಮ ಹಳೆಯ ಕಚೇರಿಯವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಬೆಳಿಗ್ಗೆ ಒಂದು ಫೋಟೊ ಬಂತು. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದುಕೊಂಡು ನಾನೂ ಒಂದು ಕೈಮುಗಿದು ಒಲೆಯ ಮೇಲಿನ ಹಾಲು ನೋಡಲು ಹೋದೆ. ಹಾಲು ಇಳಿಸಿ ಬಂದು ಮತ್ತೊಮ್ಮೆ ನೋಡಿದಾಗಲೇ ತಿಳಿಯಿತು. ಅವರು ನಮ್ಮ ಸಾಹೇಬರು. ಗುರುತು ಸಿಗದಿದ್ದುದರಲ್ಲಿ ನನ್ನ ಕಣ್ಣಿನದೇನೂ ತಪ್ಪಿರಲಿಲ್ಲ. ಫೋಟೊದಲ್ಲಿ ಅವರ ತಲೆ ನೀಟಾಗಿ ಬಾಚಿತ್ತು, ಕಿವಿಗಳು ಪೂರ್ತಿಯಾಗಿ ಕಾಣುತ್ತಿದ್ದವು. ಅವರ ಕೈಕೆಳಗೆ ಕೆಲಸ ಮಾಡಿದ ವರ್ಷಗಳಲ್ಲಿ ಅವರ ಕಿವಿಗಳನ್ನು ನಾನು ಹಾಗೆ ನೋಡಿದ್ದು ಬಹಳ ಅಪರೂಪ.

ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಅವರಿಗೇ ಸಿಟ್ಟು ಬರುತ್ತಿತ್ತು. ಕಚೇರಿಯ ಗೋಡೆಗೆ ಅಧಿಕಾರಿಗಳ ಹೆಸರಿನ ಹಲಗೆ ಹಾಕಿಸೋಣ ಎಂದು ಯಾರೋ ಹೇಳಿದಾಗ, "ಹಲಗಿಗೆ ಮೊಳಿ ಹೊಡಿಸಿ ಬಡಿಗ್ಯಾಗ ರೊಕ್ಕಾ ಕೊಡೂದ ಬ್ಯಾಡ. ಸಂಡಾಸಿನ ಬಾಗಿಲಾ ಮುರದೈತಿ, ಅದನ್ನ ಮೊದಲ ಮಾಡಸ್ರಿ" ಅಂದಿದ್ದರು. ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಇಲ್ಲೂ ಅಷ್ಟೇ ಸಾಕು.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಮಗ್ಗದ ಸಪ್ಪಳದಲ್ಲಿ ಬೆಳೆದು, ಗಟ್ಟಿಯಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡು, ಜಮಖಂಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಳಾಗಿ ಸೇರಿ, ಅಲ್ಲೇ ನಿವೃತ್ತಳಾದೆ. ಬಡವರ ಮಕ್ಕಳ ಹಾಸ್ಟೆಲು ನೋಡುವುದು, ದಲಿತ ಕೇರಿಗಳಿಂದ ಬರುವ ದೂರು ವಿಚಾರಿಸುವುದು ನಮ್ಮ ಕಚೇರಿಯ ಕೆಲಸ. ಅಲ್ಲಿಗೆ ಬರುವ ಅಧಿಕಾರಿಗಳು ಬಂದ ದಿನದಿಂದಲೇ ಬೇರೆ ಕಡೆಗೆ ವರ್ಗವಾಗಲು ಓಡಾಡುತ್ತಿದ್ದರು. ಇವರೊಬ್ಬರು ಮಾತ್ರ ಬಂದವರೇ ಕುರ್ಚಿಯನ್ನು ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ ತಿರುಗಿಸಿಕೊಂಡರು. ಬರುವವರ ಮುಖ ಕಾಣಬೇಕಂತೆ. ಗಾಳಿ ಬರುವುದಿಲ್ಲ ಅಂದೆ. "ಮಂದಿ ಬರ್ತಾರಲ್ರಿ ಅಕ್ಕಾರ" ಅಂದರು.

ಅವರು ಬೀಳಗಿ ಕಡೆಯವರು. ಅವರ ಊರು ಹಿನ್ನೀರಿನಲ್ಲಿ ಮುಳುಗಿತ್ತು. ನಮ್ಮ ಕಡೆ ಹೊಸ ಅಧಿಕಾರಿ ಬಂದರೆ ಮೊದಲು ಚಹಾ ಕೊಡುತ್ತಾರೆ, ಆಮೇಲೆ ಜಾತಿ ಕೇಳುತ್ತಾರೆ. ನೇರವಾಗಿ ಕೇಳುವಷ್ಟು ಒರಟರೇನಲ್ಲ. ಅಡ್ಡಹೆಸರು ಕೇಳುತ್ತಾರೆ, ಮನೆದೇವರನ್ನು ಕೇಳುತ್ತಾರೆ, ಬೀಗರು ಎಲ್ಲಿಯವರು, ಊಟಕ್ಕೆ ಏನೇನು ನಡೆಯುತ್ತದೆ ಎಂದು ವಿಚಾರಿಸುತ್ತಾರೆ. ಎಲ್ಲದಕ್ಕೂ ಸಾಹೇಬರ ಉತ್ತರ ಒಂದೇ.

"ನಮ್ಮೂರು ನೀರಾಗ ಹೋತ್ರಿ. ಗುಡಿ, ಅಗಸಿ, ಕೇರಿ, ಓಣಿ ಎಲ್ಲಾ ಒಂದ ನೀರಿನ ಕೆಳಗ ಅದಾವು. ಈಗ ಯಾವ ಓಣಿ ಯಾರದು ಅಂತ ಮೀನಿಗೆ ಕೇಳಬೇಕ್ರಿ."

ಅವರು ಯಾವ ಪೈಕಿ ಎಂದು ನಮ್ಮ ಕಚೇರಿಯಲ್ಲಿ ಪಂಥ ಕಟ್ಟಿದವರಿದ್ದರು. ಮೊನ್ನೆ ಸುದ್ದಿ ತಿಳಿದ ಮೇಲೆ ಹಳೆಯ ಜೀಪಿನ ಡ್ರೈವರ್ ಬಾಳಪ್ಪನಿಗೆ ಫೋನು ಹಚ್ಚಿದೆ. ಅವನು ಹೋಗಿಬಂದಿದ್ದ. ಮಣ್ಣು ಮಾಡುತ್ತಾರೋ ಸುಡುತ್ತಾರೋ ನೋಡಿದರೆ ಗೊತ್ತಾಗುತ್ತದೆ ಎಂದು ಆ ಪಂಥದವರಿಬ್ಬರು ಎಲ್ಲರಿಗಿಂತ ಮೊದಲೇ ಹೋಗಿ ಕುಳಿತಿದ್ದರಂತೆ. ಸಾಹೇಬರು ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಟ್ಟುಬಿಟ್ಟಿದ್ದರು. ಗಾಡಿ ಬಂತು, ಒಯ್ದರು. ಅವರಿಬ್ಬರೂ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಸ್ಸು ಹತ್ತಿದರಂತೆ. ಅಳುತ್ತಿದ್ದವಳಿಗೆ ಫೋನಿನಲ್ಲೇ ನಗು ಬಂತು. ಬಾಳಪ್ಪನೂ ನಕ್ಕ.

ನೋಡಲಿಕ್ಕೆ ಅವರು ಅಧಿಕಾರಿಯಂತೆ ಇರಲಿಲ್ಲ. ತೆಳ್ಳಗಿನ ದೇಹ, ತೋಳು ಉದ್ದವಾದ ಅಂಗಿ, ಒಂದೇ ಒಂದು ಜೊತೆ ಕಂದು ಬಣ್ಣದ ಚಪ್ಪಲಿ. ಮೀಟಿಂಗುಗಳಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು, ಕೇಳುತ್ತಿದ್ದರೋ ಮಲಗುತ್ತಿದ್ದರೋ ದೇವರೇ ಬಲ್ಲ. ಕಾಗದಪತ್ರದಲ್ಲಿ ಬಹಳ ಸೋಮಾರಿ. ಸಹಿ ಮಾಡಿಸಿಕೊಳ್ಳಲು ನಾನು ಅವರ ಹಿಂದೆ ಬಿದ್ದು ಬಿದ್ದು ಸಾಕಾಗಿದ್ದೆ. ಹೊಗಳುವುದರಲ್ಲಂತೂ ಜಿಪುಣರು. ಚೆನ್ನಾಗಿ ಕೆಲಸ ಮಾಡಿದರೆ "ಆತು" ಅನ್ನುತ್ತಿದ್ದರು, ತಪ್ಪು ಮಾಡಿದರೂ "ಆತು" ಅನ್ನುತ್ತಿದ್ದರು. ಯಾವ ಆತು ಯಾವುದು ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಹಾಸ್ಟೆಲಿಗೆ ಹೇಳದೆ ಕೇಳದೆ ಊಟಕ್ಕೆ ಹೋಗುತ್ತಿದ್ದರು. ಎಲ್ಲ ಅಧಿಕಾರಿಗಳೂ ಹೋಗುತ್ತಾರೆ; ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಾರೆ, ಅವರಿಗೆ ಹಪ್ಪಳ ಬೀಳುತ್ತದೆ. ಇವರು ಹುಡುಗರ ಕೊನೆಯ ಸಾಲಿನಲ್ಲಿ, ಕೊನೆಯ ತಾಟಿನ ಮುಂದೆ ಕೂರುತ್ತಿದ್ದರು. "ಮೊದಲನೇ ಸಾಲಿಗೆ ಎಲ್ಲಾ ಕಡೆ ಸಾರು ಗಟ್ಟೀನ ಇರತೈತಿ. ಕಡೀ ಸಾಲಿಗೆ ಬರೂದ್ರಾಗ ಏನಾಗತೈತಿ ನೋಡಬೇಕು" ಅನ್ನುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಕುಳಿತೆ. ಬರೀ ನೀರು ಬಂತು. ಅವರು ಒಂದು ಮಾತೂ ಆಡದೆ ಉಂಡು ಎದ್ದು, ತಾಟು ತೊಳೆದಿಟ್ಟು, ಅಡುಗೆಯವನ ಕಡೆಗೆ ತಿರುಗಿ "ಆತು" ಅಂದರು. ಮರುದಿನದಿಂದ ಅಲ್ಲಿ ಬಡಿಸುವುದು ಕೊನೆಯ ಸಾಲಿನಿಂದ ಶುರುವಾಯಿತು.

ಮುಧೋಳದ ಕಡೆಯ ಒಂದು ಠಾಣೆಯ ಪ್ರಸಂಗವನ್ನು ಬಾಳಪ್ಪ ಈಗಲೂ ರುಚಿ ಹಚ್ಚಿ ಹೇಳುತ್ತಾನೆ. ಕೂಲಿಯವನೊಬ್ಬನನ್ನು ಕರೆದೊಯ್ದಿದ್ದಾರೆ, ಯಾಕೆ ಎಂದು ಯಾರೂ ಹೇಳುತ್ತಿಲ್ಲ ಎಂದು ಅವನ ಹೆಂಡತಿ ಅಳುತ್ತ ಬಂದಿದ್ದಳು. ಸಾಹೇಬರು ಮನೆಯಿಂದ ಊಟದ ಡಬ್ಬಿ ತರಿಸಿಕೊಂಡು ಠಾಣೆಗೆ ಹೋದರು. ಅಲ್ಲಿದ್ದವರು, ಅಂಥವನು ನಮ್ಮಲ್ಲಿ ಇಲ್ಲವೇ ಇಲ್ಲ ಅಂದರು. ಸಾಹೇಬರು ವಾದ ಮಾಡಲಿಲ್ಲ. "ಇಲ್ಲಂದ್ರ ಬರೂತನಕ ಕುಂದರ್ತೀನ್ರಿ. ಅವ ಉಂಡ ಮ್ಯಾಲ ಡಬ್ಬಿ ತಗೊಂಡು ಹೋಗಬೇಕು, ಇಲ್ಲಂದ್ರ ಮನಿಯಾಗ ಬೈತಾರ" ಎಂದು ಬೆಂಚಿನ ಮೇಲೆ ಡಬ್ಬಿ ಇಟ್ಟುಕೊಂಡು ಕುಳಿತರು. ರೊಟ್ಟಿ ಆರಿತು, ಚಹಾ ಬಂತು, ಚಹಾ ಬೇಡ ಅಂದರು. ಸಂಜೆಯ ಹೊತ್ತಿಗೆ ಒಳಗಿನ ಕೋಣೆಯಿಂದಲೇ ಆ ಮನುಷ್ಯ ಬಂದ. ಅಲ್ಲೇ ಎಲ್ಲರ ಎದುರಿಗೆ ಉಂಡ. ಡಬ್ಬಿಯ ಜೊತೆಗೆ ಅವನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬಂದರು.

ಮನೆಯಲ್ಲಿ ಬೈಯುತ್ತಿದ್ದುದು ಸುಳ್ಳೇನಲ್ಲ. ಅವರ ಹೆಂಡತಿ ಒಮ್ಮೆ ನನ್ನ ಮುಂದೆಯೇ ಅಂದಿದ್ದರು: "ಊರ ಮಂದೀದೆಲ್ಲಾ ಹಕ್ಕು ಇವರಿಗೆ ಗೊತ್ತೈತ್ರಿ ಅಕ್ಕಾರ. ಮನಿಯಾಗ ಗ್ಯಾಸ್ ತೀರಿದ್ದೊಂದು ಗೊತ್ತಾಗೂದಿಲ್ಲ." ಸಾಹೇಬರು ತಲೆ ತಗ್ಗಿಸಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

ಇನ್ನು ಅವರ ಕೂದಲಿನ ವಿಷಯ. ಯಾವಾಗ ನೋಡಿದರೂ ಕಿವಿ ಮುಚ್ಚುವಷ್ಟು ಬೆಳೆದಿರುತ್ತಿತ್ತು. ಅದು ಅಲಕ್ಷ್ಯವಲ್ಲ, ಕೆಲಸದ ಒಂದು ಪದ್ಧತಿ ಎಂದು ನನಗೆ ತಿಳಿದದ್ದು ಆಮೇಲೆ. ಹಳ್ಳಿಗಳ ಕ್ಷೌರದಂಗಡಿಗಳಲ್ಲಿ ದಲಿತರನ್ನು ಕುರ್ಚಿಗೆ ಹತ್ತಿಸುವುದಿಲ್ಲ ಎಂಬ ದೂರು ಆಗಾಗ ಬರುತ್ತಿತ್ತು. ಅಂಥ ಊರಿಗೆಂದೇ ಸಾಹೇಬರು ಕೂದಲು ಬೆಳೆಸಿ ಇಟ್ಟುಕೊಳ್ಳುತ್ತಿದ್ದರು. ದೂರು ಕೊಟ್ಟವನನ್ನು ಕರೆದುಕೊಂಡು ಹೋಗಿ ಅಂಗಡಿಯ ಬೆಂಚಿನ ಮೇಲೆ ಅವನ ಪಕ್ಕ ಕೂರುವುದು. ಅಂಗಡಿಯವನು "ಬರ್ರಿ ಸಾಹೇಬ್ರ" ಎಂದು ಕುರ್ಚಿ ಒರೆಸಿದರೆ, "ಪಾಳಿ ಇವರದು, ಇವರ ಹಿಂದ ನಾ" ಅನ್ನುವುದು. ಅವನ ಕ್ರಾಪು ಆದ ಮೇಲೆ ಅದೇ ಕುರ್ಚಿ, ಅದೇ ಬಟ್ಟೆ, ಅದೇ ಕತ್ತರಿಗೆ ತಾವು ತಲೆ ಕೊಡುವುದು. ಊರು ನಿಂತು ನೋಡುತ್ತಿತ್ತು.

"ಭಾಷಣಾ ಮಾಡಿದ್ರ ಕೇಳಿ ಎದ್ದು ಹೋಗ್ತಾರ" ಎಂದು ಅವರು ಹೇಳುತ್ತಿದ್ದರು. "ತಲಿ ಕೊಟ್ರ ನಿಂತು ನೋಡ್ತಾರ."

ಅನೇಕ ಊರುಗಳಲ್ಲಿ ಇದು ನಡೆಯಿತು. ಎಷ್ಟೋ ಅಂಗಡಿಯವರು ಒಳಗೊಳಗೇ ಸಮಾಧಾನಪಟ್ಟುಕೊಂಡರು ಎಂದೇ ನನ್ನ ಅನಿಸಿಕೆ, ಹೇಳಿಕೊಳ್ಳಲು ಅವರಿಗೊಂದು ನೆವ ಸಿಕ್ಕಿತ್ತು. ನಡೆಯದೇ ಹೋದದ್ದು ಹಿಪ್ಪರಗಿಯ ಆಚೆ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ.

ಯಮನಪ್ಪ ಎಂಬ ತರುಣ ಆ ಊರಿನ ದಲಿತ ಕೇರಿಯಿಂದ ಕಚೇರಿಗೆ ಬಂದ. ಕಬ್ಬಿನ ಟ್ರ್ಯಾಕ್ಟರು ಹೊಡೆಯುವವನು, ಮಾತು ಕಡಿಮೆ. ಸಾಹೇಬರು ಹಳ್ಳಿಗಳ ಕಡೆ ಹೋಗಿದ್ದರಿಂದ ನನ್ನ ಮೇಜಿನ ಮುಂದೆ ನಿಂತ.

"ಅಕ್ಕಾರ, ಮುಂದಿನ ತಿಂಗಳ ನನ್ನ ಲಗ್ನ ಐತ್ರಿ. ನಮ್ಮೂರಾಗ ಗಡ್ಡಾ ಮಾಡಿಸ್ಕೋಬೇಕಂತ ಮಾಡೇನ್ರಿ."

ಇದೂ ಸರಕಾರದ ಕಚೇರಿಗೆ ತರುವ ದೂರೇನು ಎಂದು ಒಂದು ಕ್ಷಣ ಅನ್ನಿಸಿತು. ಮಹಾಲಿಂಗಪುರ ಬಸ್ಸಿನ ಹಾದಿಯಲ್ಲೇ ಇದೆ, ಅಲ್ಲಿ ಬೇಕಾದಷ್ಟು ಸಲೂನುಗಳಿವೆ, ಯಾರು ಯಾವ ಕೇರಿಯವರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದನ್ನೇ ಅಂದೆ.

"ಅಲ್ಲೇ ಹೋಗ್ತೇವ್ರಿ. ನಮ್ಮಪ್ಪನೂ ಅಲ್ಲೇ ಹೋಗ್ತಿದ್ದ. ಆದ್ರ ಅರಿಷಿಣ ಹಚ್ಚಿದ ಮ್ಯಾಲ ಮದುಮಗಾ ಊರ ಅಗಸಿ ದಾಟಂಗಿಲ್ಲಲ್ರಿ."

"ಮನಿಯಾಗ ನೀನ ಬ್ಲೇಡ್ ಹಿಡಿ."

"ದಿನಾ ಹಿಡೀತೇನ್ರಿ. ಮದುಮಗಾ ತನ್ನ ಗಡ್ಡಾ ತಾ ಮಾಡ್ಕೋತಾನೇನ್ರಿ?"

ನಮ್ಮ ಕಡೆ ನಾಲ್ಕು ದಿನ ಅರಿಷಿಣ ಹಚ್ಚಿ, ಲಗ್ನದ ಹಿಂದಿನ ದಿನ ಮದುಮಗನನ್ನು ಮಣೆಯ ಮೇಲೆ ಕೂರಿಸಿ ಊರಿನ ಹಡಪದವನಿಂದ ಗಡ್ಡ ಮಾಡಿಸುತ್ತಾರೆ, ಆಮೇಲೆ ನೀರು ಹಾಕುತ್ತಾರೆ. ನನ್ನ ತಮ್ಮಂದಿರಿಗೂ ಹಾಗೇ ಆಗಿತ್ತು. ಯಮನಪ್ಪನ ಕೇರಿಯ ಮದುಮಕ್ಕಳು ಅರಿಷಿಣಕ್ಕೆ ಮೊದಲೇ ಬಸ್ಸು ಹತ್ತಿ ಹೋಗಿ ಮುಗಿಸಿಕೊಂಡು ಬರಬೇಕಿತ್ತು. ಲಗ್ನದ ಹೊತ್ತಿಗೆ ಗಡ್ಡ ಮತ್ತೆ ಮೊಳೆತಿರುತ್ತಿತ್ತು. ಮರುದಿನ ಸಾಹೇಬರು ಇದನ್ನು ಕೇಳಿ, ಅವನ ಮನೆಯ ಲಗ್ನದ ಫೋಟೊಗಳಿದ್ದರೆ ತೋರಿಸು ಅಂದರು. ಅಪ್ಪನದು, ಕಾಕಾನದು, ಅಣ್ಣನದು. ಎಲ್ಲರೂ ಬಾಸಿಂಗ ಕಟ್ಟಿಕೊಂಡು, ಗಂಭೀರವಾಗಿ, ಕುರುಚಲು ಗಡ್ಡದಲ್ಲಿ ನಿಂತಿದ್ದರು. ಸಾಹೇಬರು ಅವುಗಳನ್ನು ಬಹಳ ಹೊತ್ತು ನೋಡಿ, "ಆತು, ನಡಿ" ಎಂದು ಎದ್ದರು. ಪಂಚನಾಮೆ ಬರೆಯಲು ನನ್ನನ್ನೂ ಕರೆದುಕೊಂಡರು.

ಅಂಗಡಿ ಊರ ಬಾಗಿಲಾದ ಅಗಸಿಯ ಪಕ್ಕ, ಬೇವಿನ ಗಿಡದ ಕೆಳಗಿತ್ತು. ಅಂಗಡಿಯ ಮಲ್ಲಪ್ಪ ಐವತ್ತು ದಾಟಿದ ಮೆತ್ತಗಿನ ಮನುಷ್ಯ. ಸಾಹೇಬರು ಎಂದಿನಂತೆ ಪಾಳಿ ಇವನದು ಅಂದರು. ಮಲ್ಲಪ್ಪ ಕತ್ತಿಯನ್ನು ಬೆರಳಿನಿಂದ ನೋಡಿಕೊಂಡು, "ಮೊಂಡ ಆಗೇತ್ರಿ" ಅಂದ. ಮತ್ತೊಂದು ದಿನ ಹೋದೆವು. "ಕೈ ನಡಗಾಕತ್ತಾವ್ರಿ" ಅಂದ, ಖರೆ ಅಂದರೆ ನಡುಗುತ್ತಲೇ ಇದ್ದವು. ಮೂರನೆಯ ಸಲ ಅಂಗಡಿಗೆ ಕೀಲಿ ಬಿದ್ದಿತ್ತು. ಯಾರಿಗೂ ಮಾಡುವುದಿಲ್ಲ, ಅಂಗಡಿಯೇ ಬಂದ್ ಎಂದು ಮಲ್ಲಪ್ಪ ಊರಿಗೆಲ್ಲ ಹೇಳಿಬಿಟ್ಟಿದ್ದ. ಯಾರಿಗೂ ಮಾಡದಿದ್ದರೆ ಯಮನಪ್ಪನಿಗೆ ಮಾತ್ರ ಒಲ್ಲೆ ಅಂದಂತೆ ಆಗುವುದಿಲ್ಲ ಎಂದು ಆ ಬಡವ ಲೆಕ್ಕ ಹಾಕಿದ್ದ. ಅವನು ಮಾಡಿದ ದೊಡ್ಡ ತಪ್ಪು ಅದೇ, ಆಮೇಲೆ ಹೇಳುತ್ತೇನೆ.

ಅಂಗಡಿಯ ಹಿಂದೆಯೇ ಅವನ ಮನೆ. ಸಾಹೇಬರು ಕಟ್ಟೆಯ ಮೇಲೆ ಕುಳಿತು ಅವನನ್ನು ಕರೆದರು. ಅವನು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಸಾಹೇಬ್ರ, ನನ್ನ ಮ್ಯಾಲ ಕೇಸ್ ಹಾಕ್ರಿ. ನಾ ಮಾಡೂದು ತಪ್ಪು ಅಂತ ನನಗ ಗೊತ್ತೈತಿ. ಸುಗ್ಗಿಯಾಗ ಗೌಡ್ರ ಕಣದಿಂದ ಜ್ವಾಳಾ ಬರತೈತಿ, ಅವರನ್ನ ನೋಡಿ ಉಳದಾವ್ರೂ ಕೊಡ್ತಾರ. ಅವರು ಬ್ಯಾಡಂದ್ರ ನನ್ನ ಮನಿಯಾಗ ಒಲಿ ಹತ್ತಂಗಿಲ್ಲ. ನೀವು ಜೀಪ್ ಹತ್ತಿ ಹೋಗ್ತೀರಿ, ನಾ ಇಲ್ಲೇ ಇರಾಂವ."

ಊರ ಕ್ಷೌರಿಕನಿಗೆ ರೈತರು ಸುಗ್ಗಿಯಲ್ಲಿ ಕೊಡುವ ಈ ಕಾಳಿಗೆ ಆಯ ಅನ್ನುತ್ತಾರೆ. ಕಬ್ಬು ಬಂದು ಊರಿನ ತುಂಬ ಟ್ರ್ಯಾಕ್ಟರು ಓಡಾಡಿದರೂ ಅದು ನಿಂತಿರಲಿಲ್ಲ. ಸಾಹೇಬರು ಜೀಪಿನಲ್ಲಿ ಬರುವಾಗ ಬನಹಟ್ಟಿಯ ಹತ್ತಿರ, "ಮಲ್ಲಪ್ಪ ಖರೆ ಹೇಳಿದ ನೋಡ್ರಿ. ನಾವು ಹಿಡಿಯೂದು ಬರೀ ಕತ್ತಿ ಹಿಡದಾಂವನ ಕೈ" ಅಂದರು.

ಮರುದಿನ ನನ್ನನ್ನೂ ಕರೆದುಕೊಂಡು ನೇರವಾಗಿ ಗೌಡರ ಮನೆಗೇ ಹೋದರು. ದೊಡ್ಡ ಜಮೀನಿನವರು, ಮಾತಿನಲ್ಲಿ ಮರ್ಯಾದೆಯವರು. ಬೆಲ್ಲ ಹಾಕಿದ ಹಾಲು ಕೊಟ್ಟರು. "ನಾವ್ಯಾರೂ ಬ್ಯಾಡಂದಿಲ್ಲಲ್ರಿ ಸಾಹೇಬ್ರ. ಮಲ್ಯಾನ ಅಂಗಡಿ, ಮಲ್ಯಾನ ಮರ್ಜಿ" ಅಂದರು. ಸಾಹೇಬರು ಹಾಲು ಪೂರ್ತಿ ಕುಡಿದರು.

"ಹಂಗಂದ್ರ ಛಲೋ ಆತ್ರಿ ಗೌಡ್ರ. ಆಯಾ ನಿಲ್ಲೂದಿಲ್ಲಂತ ನಿಮ್ಮ ಬಾಯಿಂದ ಒಂದ ಮಾತು ಅವಗ ಹೇಳ್ರಿ, ಮುಗೀತು. ನಿಂತಿತಂದ್ರ ನಾ ಮಲ್ಲಪ್ಪನ ಹೆಸರು ಬರಿಯಂಗಿಲ್ಲ, ನಿಮ್ಮ ಹೆಸರು ಬರೀತೀನಿ. ಕಾಯದೆದಾಗ ಅದಕ್ಕೂ ಜಾಗಾ ಐತಿ. ಚಿಕ್ಕಪಡಸಲಗಿ ಕಡೆ ನಿಮ್ಮಂಥಾ ರೈತರ ಸರಕಾರದ ಹಾದಿ ನೋಡದ ಹೊಳಿಗೆ ಒಡ್ಡು ಹಾಕ್ಯಾರ. ಒಂದು ಕಟಗಿ ಕುರ್ಚಿಗೆ ಇಷ್ಟ್ಯಾಕ ಅಂಜತೀರಿ?"

ಗೌಡರು ನಕ್ಕರು. ಆ ನಗೆ ನನಗೆ ಒಳ್ಳೆಯದಾಗಿ ಕಾಣಲಿಲ್ಲ. ಹೊರಗೆ ಬಂದ ಸಾಹೇಬರು ಅಗಸಿಯಲ್ಲಿ ನಿಂತಿದ್ದ ಯಮನಪ್ಪನಿಗೆ, ಮಲ್ಲಪ್ಪನಿಗೂ ಕೇಳುವಂತೆ, "ನಿಂದು ಆಗೂತನಕ ನಂದೂ ಬ್ಯಾಡ. ನಾ ತಲಿ ಕೊಡೂದು ಇದ ಅಂಗಡಿಯಾಗ" ಅಂದರು.

ಅಲ್ಲಿಂದ ಮುಂದೆ ಅವರ ಕೂದಲಿನದೇ ಕತೆ. ಮೊದಲೇ ಬೆಳೆದಿತ್ತು, ಈಗ ಕೊರಳಿಗೆ ಇಳಿಯಿತು. ಮೀಟಿಂಗಿನಲ್ಲಿ ಮೇಲಿನವರು, ನಾಟಕದ ಕಂಪನಿ ಸೇರಿದಿರೇನು ಎಂದು ಕೇಳಿದರು. ಹೆಂಡತಿ ನನ್ನ ಮುಂದೆ ತಲೆ ಚಚ್ಚಿಕೊಂಡರು. ಬಾಳಪ್ಪ ಒಂದು ಹಣಿಗೆ ತಂದು ಜೀಪಿನಲ್ಲಿ ಇಟ್ಟ. ಇತ್ತ ಊರಿನಲ್ಲಿ ಮಲ್ಲಪ್ಪನ ಲೆಕ್ಕ ತಪ್ಪತೊಡಗಿತು. ಅಂಗಡಿ ಬಂದ್ ಆದದ್ದು ಎಲ್ಲರಿಗೂ. ಕಬ್ಬಿನ ಕಟಾವಿನ ಕಾಲ. ಯಾರಿಗೆ ಪುರುಸೊತ್ತು ಇದ್ದೀತು ಮಹಾಲಿಂಗಪುರದವರೆಗೆ ಹೋಗಿ ಗಡ್ಡ ಮಾಡಿಸಲು? ಒಣಗಿದ ಕಬ್ಬಿನೆಲೆಯ ರವದಿ ಧೂಳು ಗಡ್ಡದಲ್ಲಿ ಸೇರಿ ರೈತರೆಲ್ಲ ಕೆರೆದುಕೊಳ್ಳುತ್ತ ಓಡಾಡಿದರು. ಮನೆಯ ಕಟ್ಟೆಯ ಮೇಲೆ ಕುಳಿತೇ ಗಡ್ಡ ಮಾಡಿಸಿಕೊಂಡು ರೂಢಿಯಿದ್ದ ಗೌಡರೂ ಒಂದು ದಿನ ಮಹಾಲಿಂಗಪುರದ ಸಲೂನು ಹೊಕ್ಕರಂತೆ. ಮುಖದ ಅರ್ಧ ನೊರೆ ಇರುವಾಗ ಪಕ್ಕದ ಕುರ್ಚಿಯಲ್ಲಿ ಯಾರೆಂದು ನೋಡಿದರೆ ಯಮನಪ್ಪನ ಅಪ್ಪ. ಅವನು ಕುಳಿತಲ್ಲಿಂದಲೇ "ಶರಣ್ರೀ ಗೌಡ್ರ" ಅಂದನಂತೆ. ನೊರೆಯ ಮುಖದಲ್ಲಿ ಎದ್ದು ಹೋಗಲಿಕ್ಕೂ ಆಗದೆ ಗೌಡರು ಕನ್ನಡಿ ನೋಡುತ್ತ ಕುಳಿತರು. ಈ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು.

ಊರವರ ನಗೆ ಗೌಡರಿಗೆ ತಡೆಯಲಾಗಲಿಲ್ಲವೋ, ಅದಕ್ಕೂ ಮೊದಲೇ ಮೇಲಿನವರಿಗೆ ಫೋನು ಹೋಗಿತ್ತೋ ನನಗೆ ಗೊತ್ತಿಲ್ಲ. ಯಮನಪ್ಪನ ಲಗ್ನಕ್ಕೆ ಇನ್ನು ಎರಡು ದಿನ ಇರುವಾಗ ಸಾಹೇಬರ ಎತ್ತಂಗಡಿಯ ಆದೇಶ ಬಂತು. ದೂರದ ಜಿಲ್ಲೆ, ಕೆಲಸವೂ ಅಂಥದೇ, ಯಾರೂ ಬಾರದ ಒಂದು ಮೂಲೆಯ ಕಚೇರಿ. ನನಗೆ ಮೈಯೆಲ್ಲ ಉರಿಯಿತು. ಚಾರ್ಜು ಕೊಡಲು ಎರಡು ದಿನ ತಡಮಾಡಿದರೆ ಆಕಾಶವೇನೂ ಬೀಳುವುದಿಲ್ಲ, ಜೀಪಿನಲ್ಲಿ ಹೋಗಿ ಆ ಕೆಲಸ ಮುಗಿಸಿಬನ್ನಿ ಎಂದು ಅಂಗಲಾಚಿದೆ. ಅವರು ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು.

"ಹುಕುಂ ಬಂದ ಮ್ಯಾಲ ಈ ಕುರ್ಚಿ ಮ್ಯಾಲ ಕುಂತ್ರ, ಮತ್ತೊಬ್ಬಾಂವನ ಪಾಳಿಯಾಗ ಕುಂತಂಗ ಅಕ್ಕಾರ" ಅಂದರು. ಅಂದೇ ಚಾರ್ಜು ಕೊಟ್ಟು, ಜೀಪಿನ ಹಿಂದಿನ ಸೀಟಿನಿಂದ ತಮ್ಮ ಕೊಡೆ ತೆಗೆದುಕೊಂಡು ನಡೆದೇ ಮನೆಗೆ ಹೋದರು.

ಲಗ್ನದ ಹಿಂದಿನ ದಿನ ಯಮನಪ್ಪನ ಮನೆಗೆ ನಾನು ಹೊರಟಿದ್ದೆ. ಕರೆದಿದ್ದ, ಹೋಗಲೇಬೇಕಿತ್ತು. ಉಡುಗೊರೆಯೆಂದು ಕೈಯಲ್ಲಿ ಒಂದು ಕುಬಸದ ಖಣ ಇತ್ತು. ಬನಹಟ್ಟಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ ಕಿಟಕಿಯ ಪಕ್ಕ ಸಾಹೇಬರು ಕುಳಿತಿದ್ದರು. ಗಾಳಿಗೆ ಕೂದಲೆಲ್ಲ ಕಣ್ಣಿನ ಮೇಲೆ.

"ಸರ್, ನೀವು?"

"ತಲಿ ಬೆಳದೈತ್ರಿ. ಪಾಳಿ ಹಚ್ಚಾಕ ಹೊಂಟೇನಿ."

ಅಗಸಿಯ ಹತ್ತಿರ ಇಳಿದಾಗ ಅಂಗಡಿಯ ಕೀಲಿ ಹಾಗೇ ಇತ್ತು. ಬೇವಿನ ಕೆಳಗೆ ಯಮನಪ್ಪ ನಿಂತಿದ್ದ. ಮೈಯೆಲ್ಲ ಅರಿಷಿಣ, ಹೆಗಲ ಮೇಲೆ ಹೊಸ ಟವೆಲು, ಮುಖದ ತುಂಬ ತಿಂಗಳಿಂದ ಬಿಟ್ಟ ಗಡ್ಡ. ಅರಿಷಿಣಕ್ಕೆ ಮೊದಲು ಮಹಾಲಿಂಗಪುರಕ್ಕೆ ಹೋಗಿ ಬಾ ಎಂದು ಮನೆಯವರು ಎಷ್ಟು ಹೇಳಿದರೂ ಅವನು ಹೋಗಿರಲಿಲ್ಲ. ಇವತ್ತು ಆಗದಿದ್ದರೆ ಆ ಗಡ್ಡದಲ್ಲೇ ಅವನ ತಲೆಗೆ ಅಕ್ಕಿಕಾಳು ಬೀಳಬೇಕಿತ್ತು. ಪಕ್ಕದಲ್ಲಿ ಅವನ ಅವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು. ದೂರದಲ್ಲಿ, ನೆರಳು ಹುಡುಕಿಕೊಂಡವರಂತೆ, ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದ್ದರು.

ಸಾಹೇಬರು ಅಂಗಡಿಯ ಕಟ್ಟೆ ಜಾಡಿಸಿ ಯಮನಪ್ಪನನ್ನು ಮೊದಲು ಕೂರಿಸಿ, ಅವನ ಆಚೆ ತಾವು ಕುಳಿತರು. ಮನೆಯೊಳಗಿನಿಂದ ಮಲ್ಲಪ್ಪ ಬಂದ. ಅತ್ತ ಇತ್ತ ನೋಡಿದ.

"ಜೀಪ್ ಎಲ್ಲೈತ್ರಿ?"

"ನಂದಲ್ಲಪಾ ಈಗ. ಬದಲಿ ಮಾಡ್ಯಾರ."

"ಮತ್ತ್ಯಾಕ ಬಂದ್ರಿ?"

"ಇಲ್ಲೇ ತಲಿ ಕೊಡ್ತೀನಿ ಅಂದಿದ್ದೆ. ನೀ ಇವತ್ತ ಒಲ್ಲೆ ಅಂದ್ರ ಯಾರೂ ಏನೂ ಮಾಡಂಗಿಲ್ಲ. ನಾ ಬಸ್ಸಿಗೆ ಬಂದೇನಿ, ಬಸ್ಸಿಗೆ ಹೋಗ್ತೀನಿ."

ಮಲ್ಲಪ್ಪ ನಿಂತೇ ಇದ್ದ. ಅವನ ಕಣ್ಣು ಗೌಡರ ಮನೆಯ ಕಡೆ ಒಮ್ಮೆ ಹೋಗಿ ಬಂತು. ಆಗ ಯಮನಪ್ಪನ ಅವ್ವ ಬಾಯಿ ತೆಗೆದಳು. "ಮಲ್ಲಪ್ಪಣ್ಣ, ನೀ ಹುಟ್ಟಿದಾಗ ನಿನ್ನ ಮೊದಲ ಮುಟ್ಟಿದ್ದು ಸೂಲಗಿತ್ತಿ ನಮ್ಮತ್ತಿ ಕೈಯೊ."

"ಗೊತ್ತೈತಿ ಬಿಡಬೇ. ಎಷ್ಟ ಸಲ ಹೇಳ್ತಿ ಅದನ್ನ" ಎಂದು ಅವನು ಸಿಡುಕಿದ. ಸಿಡುಕುತ್ತಲೇ ಉಡದಾರದಿಂದ ಕೀಲಿಕೈ ಬಿಚ್ಚಿದ.

ಆಮೇಲಿನ ಗೌಡರ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಆ ಸುಗ್ಗಿಯಲ್ಲಿ ಅವರ ಕಣದಿಂದ ಮಲ್ಲಪ್ಪನಿಗೆ ಜೋಳ ಬರಲಿಲ್ಲ. ಬಾಳಪ್ಪ ಹೇಳಿದಂತೆ ಯಮನಪ್ಪನ ಕೇರಿಯವರು ಮನೆಗೆ ಇಷ್ಟೆಂದು ಕೂಡಿಸಿ ಕೊಟ್ಟರು, ಮಲ್ಲಪ್ಪನ ಮನೆಗೆ ಮೊದಲ ಬಾರಿಗೆ ಆ ಕೇರಿಯ ಜೋಳ ಹೋಯಿತು. ಮುಂದಿನ ವರ್ಷ ಗೌಡರ ಮಗನೇ ಗಾಡಿಯಲ್ಲಿ ಕಾಳು ಕಳಿಸಿದ. ಅಪ್ಪನಿಗೆ ಹೇಳಿ ಕಳಿಸಿದನೋ ಹೇಳದೆಯೋ, ನಾನು ಕೇಳಲಿಲ್ಲ.

ಸಾಹೇಬರು ಬಾಗಿಲ ಬದಿಯ ಬೆಂಚಿಗೆ ಸರಿದರು, ಯಮನಪ್ಪ ಕುರ್ಚಿಯಲ್ಲಿ ಕುಳಿತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಮಲ್ಲಪ್ಪ ನೀರು ಹಚ್ಚಿ, ಸಬಕಾರದ ನೊರೆ ಎಬ್ಬಿಸಿ ಗಲ್ಲಕ್ಕೆ ಸವರಿದ. ನೊರೆ ನೋಡನೋಡುತ್ತ ಕೆಂಪಗಾಯಿತು. ಯಮನಪ್ಪನ ಅವ್ವ ಚಿಟ್ಟನೆ ಚೀರಿ ಬಾಗಿಲಿಗೆ ಬಂದಳು.

"ಏನ ಮಾಡಿದ್ಯೊ, ರಕ್ತ ಬಂತಲ್ಲೊ."

"ರಕ್ತ ಅಲ್ಲವ್ವಾ, ಇನ್ನಾ ಕತ್ತೀನ ಹಚ್ಚಿಲ್ಲ" ಅಂದ ಮಲ್ಲಪ್ಪ, ಈ ಸಲ ಮೆತ್ತಗೆ. "ಅರಿಷಿಣಕ್ಕ ಸಬಕಾರ ಕೂಡಿದ್ರ ಹಿಂಗ ಕೆಂಪ ಆಗತೈತಿ. ಎಲ್ಲಾ ಮದುಮಕ್ಕಳದೂ ಹಿಂಗ."

ಅವಳು ಮಗನ ಕೆಂಪು ಗಲ್ಲವನ್ನೇ ನೋಡುತ್ತ ನಿಂತಳು. "ನಮ್ಮ ಮನಿಯಾಗ ಇಷ್ಟ ಲಗ್ನ ಆದವು. ಯಾರೂ ಇದನ್ನ ನೋಡಿಲ್ಲಲ್ರಿ ಅಕ್ಕಾರ" ಎಂದು ನನ್ನ ಕಡೆ ತಿರುಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಸಾಹೇಬರು ಬೇವಿನ ಗಿಡದಲ್ಲಿ ಏನೋ ಇದ್ದಂತೆ ಮೇಲೆ ನೋಡುತ್ತಿದ್ದರು.

ಮಲ್ಲಪ್ಪ ಅವಸರ ಮಾಡಲಿಲ್ಲ. ಎರಡು ಸಲ ಕತ್ತಿ ಆಡಿಸಿದ, ಮೀಸೆ ತೀಡಿದ, ಕಿವಿಯ ಹಿಂದಿನ ಕೂದಲು ತೆಗೆದ, ಪಟಿಕದ ಕಲ್ಲು ತಿಕ್ಕಿದ. ಯಮನಪ್ಪ ಎದ್ದು ಕನ್ನಡಿಯಲ್ಲಿ ನೋಡಿಕೊಂಡ, ತನ್ನ ಮುಖವನ್ನು ತಾನೇ ಗುರುತಿಸದವನಂತೆ. ಅವನ ಅವ್ವ ಅವನ ಗಲ್ಲ ಸವರಿ, ನೀರು ಹಾಕಲಿಕ್ಕೆ ಮನೆಗೆ ಕರೆದುಕೊಂಡು ಹೊರಟಳು.

ಈಗ ಕುರ್ಚಿ ಖಾಲಿಯಾಯಿತು. ಅಷ್ಟು ಗಂಡಸರು ನಿಂತಿದ್ದರೂ ಯಾರೂ ಮುಂದೆ ಬರಲಿಲ್ಲ. ಯಮನಪ್ಪ ಎದ್ದ ಕುರ್ಚಿಯಲ್ಲಿ ಇನ್ನು ಯಾರೂ ಕೂರದೇ ಹೋದರೆ ಮಲ್ಲಪ್ಪನ ಅಂಗಡಿಗೆ ಅಂದೇ ಕೊನೆ, ಮತ್ತೊಬ್ಬ ಯಮನಪ್ಪನಿಗೆ ಅವನು ಬಾಗಿಲು ತೆರೆಯುವುದೂ ಇಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಕೊಡೆ ಗೋಡೆಗೆ ಆನಿಸಿ, ಕೂದಲು ಹಿಂದಕ್ಕೆ ಸರಿಸಿ ಏಳಲು ಹೊರಟರು.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ರೈತ, ಅರವತ್ತರ ಆಸುಪಾಸಿನವನು, ಬಿಳಿ ಗಡ್ಡ ಕೆರೆಯುತ್ತ ಸರಸರ ನಡೆದು ಬಂದವನೇ ಕುರ್ಚಿಯ ಮೇಲೆ ಕುಳಿತುಬಿಟ್ಟ. ಯಮನಪ್ಪನಿಗೆ ಹೊದಿಸಿದ್ದ ಬಟ್ಟೆಯನ್ನು ತಾನೇ ಕೊರಳಿಗೆ ಎಳೆದುಕೊಂಡ.

ಮಲ್ಲಪ್ಪ ಗಾಬರಿಯಾದ. "ಕಾಕಾ, ಸಾಹೇಬ್ರದು ಪಾಳಿ ಐತಿ."

"ಅವರು ಬ್ಯಾರೆ ಊರಿಗೆ ಹೋಗಾವ್ರು, ಎಲ್ಯಾರ ಮಾಡಿಸ್ಕೋತಾರ" ಅಂದ ಅವನು ಕಣ್ಣು ಮುಚ್ಚಿಕೊಂಡು. "ನಂದು ತಿಂಗಳಾತೊ. ಕೆರತ ತಡಕೊಳ್ಳಾಕ ಆಗವಲ್ದು. ಲಗೂನ ಹಚ್ಚು."

ಅವನ ಹಿಂದೆಯೇ ಇನ್ನೊಬ್ಬ ಬಂದು, ಸ್ವಲ್ಪ ಸರೀರಿ ಎಂದು ಸಾಹೇಬರನ್ನು ಸರಿಸಿ ಬೆಂಚಿನ ಮೇಲೆ ಕುಳಿತ. ಆಮೇಲೆ ಮತ್ತೊಬ್ಬ. ನಾನು ಸಿಟ್ಟಿಗೆದ್ದು, ಪಾಳಿ ಅವರದು ಎಂದು ಹೇಳಲು ಬಾಯಿ ತೆರೆದೆ. ಸಾಹೇಬರು ನನ್ನತ್ತ ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದರು. ಅವರ ಕಣ್ಣುಗಳು ತುಂಬಿದ್ದವು. ಕೊಡೆ ಎತ್ತಿಕೊಂಡು ಮೆಲ್ಲಗೆ ಎದ್ದು, ತಾವು ಕುಳಿತಿದ್ದ ಜಾಗವನ್ನೂ ಬಿಟ್ಟುಕೊಟ್ಟು ಹೊರಗೆ ಬಂದರು. ಅವರು ಎದ್ದು ಹೋದದ್ದನ್ನು ಅಂಗಡಿಯಲ್ಲಿ ಯಾರೂ ಗಮನಿಸಲಿಲ್ಲ. ಅಲ್ಲಿ ಆಗಲೇ ಕಬ್ಬಿನ ಬಿಲ್ಲಿನ ಮಾತು ಶುರುವಾಗಿತ್ತು.

ಖಣ ಕೊಟ್ಟು ಮರಳುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಇಷ್ಟು ದಿನ ಬೆಳಸಿ, ಕಡೀಕ ನಿಮ್ಮ ಪಾಳೀನ ತಪ್ಪಿತಲ್ರಿ ಸರ್" ಅಂದೆ.

"ತಪ್ಪಲಿ ಬಿಡ್ರಿ ಅಕ್ಕಾರ" ಅಂದರು.

ಅದೇ ತಲೆಯಲ್ಲಿ ಅವರು ಮರುದಿನ ಹೊಸ ಊರಿಗೆ ಹೋಗಿ ಹಾಜರಾದರು. ಆ ಅಂಗಡಿಯಲ್ಲಿ ತಲೆ ಕೊಡುವುದು ಅವರಿಂದ ಕೊನೆಗೂ ಆಗಲಿಲ್ಲ, ಆ ಊರಿಗೆ ಅವರು ಮತ್ತೆ ಹೋಗುವ ಪ್ರಸಂಗವೇ ಬರಲಿಲ್ಲ.